ಒಂಟಿ ಕ್ವಾಂಟಮ್ ಡಾಟ್‌ನ ಮೊದಲ ನ್ಯಾನೋಸೆಕೆಂಡು: ನಾನು ಅಳೆಯುವ ಬಗೆ

ಒಂಟಿ ಡಾಟ್‌ನ (ಬೆಳಕು ಬೀರುವ, ಕೆಲವೇ ನ್ಯಾನೋಮೀಟರಿನ ಅರೆವಾಹಕ ಹರಳು) ಡಿಕೇ ಕರ್ವ್, ಅಂದರೆ ಲೇಸರ್ ಪಲ್ಸ್ ಆದ ಮೇಲೆ ಅದರ ಬೆಳಕು ಇಳಿಯುವ ಗೆರೆ, ಶುರುವಿನಲ್ಲೇ ಚೂಪಾಗಿ ಇಳಿದರೆ ಅದನ್ನು ತಕ್ಷಣ ಡಾಟ್‌ನ ಲೆಕ್ಕಕ್ಕೆ ಬರೆಯುವುದಿಲ್ಲ. ಡಿಟೆಕ್ಟರ್, ಗಾಜು, ಮೈಕ್ರೋಸ್ಕೋಪ್ ಲೆನ್ಸಿನ ಎಣ್ಣೆ, ಆಮೇಲೆ ಡಾಟ್. ಅನುಮಾನ ಈ ಸರದಿಯಲ್ಲಿ ಹೋಗಬೇಕು. ಇಲ್ಲಿ ಹೇಳುತ್ತಿರುವುದು ಕೋಣೆಯ ಉಷ್ಣಾಂಶದಲ್ಲಿ 620 ನ್ಯಾನೋಮೀಟರ್ ಸುತ್ತ ಬೆಳಗುವ, ಕ್ಯಾಡ್ಮಿಯಂ ಸೆಲೆನೈಡ್ ತಿರುಳು, ಝಿಂಕ್ ಸಲ್ಫೈಡ್ ಚಿಪ್ಪಿನ ಡಾಟ್‌ಗಳ ಮಾತು. ಎಕ್ಸೈಟಾನ್, ಅಂದರೆ ಬೆಳಕು ಹೀರಿದಾಗ ಡಾಟ್‌ನಲ್ಲಿ ಹುಟ್ಟುವ ಎಲೆಕ್ಟ್ರಾನ್-ಹೋಲ್ ಜೋಡಿಯ ಆಯಸ್ಸು ಸುಮಾರು 20–30 ನ್ಯಾನೋಸೆಕೆಂಡು; ಅಂಥ ಎರಡು ಜೋಡಿ ಒಟ್ಟಿಗಿರುವ ಬೈಎಕ್ಸೈಟಾನ್‌ದು 1ಕ್ಕಿಂತ ಕಡಿಮೆ.

ಸ್ಯಾಂಪಲ್‌ಗೆ 0.17 ಮಿ.ಮೀ. ಕವರ್‌ಸ್ಲಿಪ್ ತೆಗೆದುಕೊಂಡು 10 ನಿಮಿಷ ಪ್ಲಾಸ್ಮಾದಲ್ಲಿ ತೊಳೆಯುತ್ತೇನೆ. ಟಾಲುಯೀನ್‌ನಲ್ಲಿ 1–2% ಪಿಎಂಎಂಎ (ಪಾರದರ್ಶಕ ಪ್ಲಾಸ್ಟಿಕ್) ಕರಗಿಸಿ, ಡಾಟ್‌ಗಳನ್ನು ನ್ಯಾನೋಮೋಲಾರ್‌ಗಿಂತ ತೆಳುವಾಗಿ ಬೆರೆಸಿ, 3000 ಆರ್‌ಪಿಎಂನಲ್ಲಿ ಒಂದು ನಿಮಿಷ ಸ್ಪಿನ್ ಮಾಡುತ್ತೇನೆ. 20 × 20 ಮೈಕ್ರಾನ್ ಸ್ಕ್ಯಾನಿನಲ್ಲಿ 20–30 ಚುಕ್ಕೆ ಬಂದರೆ ಸರಿ. ಡಾಟ್ ಹಾಕದ ಪಿಎಂಎಂಎ ಹಚ್ಚಿದ ಇನ್ನೊಂದು ಗಾಜನ್ನೂ ನೋಡಲೇಬೇಕು. ಅದರಲ್ಲೂ ಚುಕ್ಕೆ ಮಿನುಗಿದರೆ ಬಾಟಲಿಯೇ ಕೊಳಕು.

ಲೇಸರ್ 485 ನ್ಯಾನೋಮೀಟರಿನ ಪಲ್ಸ್ ಡಯೋಡ್. 405ರಲ್ಲಿ ಡಾಟ್ ಹೆಚ್ಚು ಹೀರುತ್ತದೆ ನಿಜ, ಆದರೆ ಗಾಜು, ಎಣ್ಣೆಯೂ ಹೊಳೆದು ಕರ್ವ್‌ಗೆ ಸುಳ್ಳು ವೇಗ ಕೂಡಿಸುತ್ತವೆ. ಪಲ್ಸ್ ದರ 5 ಮೆಗಾಹರ್ಟ್ಸ್, ಅಂದರೆ ಎರಡು ಪಲ್ಸ್ ನಡುವೆ 200 ನ್ಯಾನೋಸೆಕೆಂಡು. 80 ಮೆಗಾಹರ್ಟ್ಸ್‌ನಲ್ಲಿ ಸಿಗುವುದು ಬರೀ 12.5. ಹಿಂದಿನ ಪಲ್ಸ್‌ನ ಬಾಲ ಮುಂದಿನದರ ತಲೆಗೆ ಹತ್ತುತ್ತದೆ.

ಬೆಳಕನ್ನು 50:50 ಸ್ಪ್ಲಿಟರ್‌ನಿಂದ ಎರಡು ಸಿಲಿಕಾನ್ ಅವಲಾಂಚ್ ಡಿಟೆಕ್ಟರ್‌ಗೆ ಹಂಚುತ್ತೇನೆ. ಫೋಟಾನ್ ಬಿದ್ದಾಗ ಡಿಟೆಕ್ಟರ್ ತಾನೂ ಒಂದಿಷ್ಟು ಬೆಳಕು ಉಗುಳುತ್ತದೆ, ಹೆಚ್ಚಿನದು 700 ನ್ಯಾನೋಮೀಟರಿನ ಆಚೆ. ಅದು ಸ್ಪ್ಲಿಟರ್ ಕಡೆಯಿಂದ ಇನ್ನೊಂದು ಡಿಟೆಕ್ಟರ್‌ಗೆ ಹೋಗಿ ಕೋರಿಲೇಶನ್‌ನಲ್ಲಿ (ಎರಡು ಡಿಟೆಕ್ಟರ್‌ಗೆ ಬಿದ್ದ ಫೋಟಾನ್‌ಗಳ ನಡುವಿನ ಸಮಯದ ಎಣಿಕೆ) ಸೊನ್ನೆಯ ಎರಡೂ ಬದಿ ಎರಡು ಕೊಂಬು ಮೂಡಿಸುತ್ತದೆ. ದಾರಿ 60 ಸೆಂ.ಮೀ. ಇದ್ದರೆ ಕೊಂಬು 2 ನ್ಯಾನೋಸೆಕೆಂಡಿನ ಸುತ್ತಮುತ್ತ. ಎರಡೂ ಡಿಟೆಕ್ಟರ್ ಮುಂದೆ 700ರ ಶಾರ್ಟ್‌ಪಾಸ್ (ಅದಕ್ಕಿಂತ ಚಿಕ್ಕ ತರಂಗಗಳನ್ನಷ್ಟೇ ಬಿಡುವ) ಫಿಲ್ಟರ್ ಇಟ್ಟರೆ ಕೊಂಬು ಉದುರುತ್ತದೆ.

ಉಪಕರಣದ ಸ್ವಂತ ಪ್ರತಿಕ್ರಿಯೆ ಅಳೆಯಲು ಹಲವರು ಫಿಲ್ಟರ್ ತೆಗೆದು ಗಾಜಿನ ಪ್ರತಿಫಲನ ಹಿಡಿಯುತ್ತಾರೆ. ಅದು ಅರ್ಧ ಸರಿ. ಡಿಟೆಕ್ಟರ್‌ನ ಬಾಲ ಬಣ್ಣದೊಂದಿಗೆ ಬದಲಾಗುತ್ತದೆ, ಕೌಂಟ್ ದರ ಏರಿದರೆ ಶಿಖರವೇ ಸರಿಯುತ್ತದೆ. ಸ್ಯಾಚುರೇಟೆಡ್ ಪೊಟ್ಯಾಸಿಯಂ ಅಯೋಡೈಡ್ ನೀರಿನಲ್ಲಿ ಎರಿಥ್ರೊಸಿನ್ ಬಿ ಬೆರೆಸಿದರೆ ಅದರ ಆಯಸ್ಸು ಕೆಲವು ಹತ್ತು ಪಿಕೋಸೆಕೆಂಡಿಗೆ ಇಳಿಯುತ್ತದೆ; ಅದನ್ನು ಫಿಲ್ಟರ್ ಸಮೇತ, ಡಾಟ್‌ನಷ್ಟೇ ಕೌಂಟ್ ಬರುವಂತೆ ಮಂಕು ಮಾಡಿ ಅಳೆಯುತ್ತೇನೆ. ಶಿಖರ ದಾಟಿ 1 ನ್ಯಾನೋಸೆಕೆಂಡಿಗೆ ಪುಟ್ಟ ಉಬ್ಬು ಕಂಡರೆ 15 ಸೆಂ.ಮೀ. ಅಂತರದ ಎರಡು ಮೇಲ್ಮೈ ನಡುವೆ ಬೆಳಕು ಓಡಾಡುತ್ತಿದೆ ಎಂದರ್ಥ. ಸ್ಕೇಲ್ ಹಿಡಿದು ಹುಡುಕಿ, ಆ ಫಿಲ್ಟರನ್ನು ಒಂದೆರಡು ಡಿಗ್ರಿ ಓರೆ ಮಾಡಿದರೆ ಮುಗಿಯಿತು.

ಇನ್ನು ಪವರ್. ಪಲ್ಸ್‌ಗೆ ಸರಾಸರಿ 0.1 ಎಕ್ಸೈಟಾನ್ ಇಟ್ಟರೆ, ಡಾಟ್ ಎಚ್ಚೆತ್ತ ಪಲ್ಸ್‌ಗಳಲ್ಲಿ ಎರಡು ಅಥವಾ ಹೆಚ್ಚು ಎಕ್ಸೈಟಾನ್ ಇರುವುದು ಸುಮಾರು 5%. ಸರಾಸರಿ 1ಕ್ಕೆ ಏರಿಸಿದರೆ ಅದು 42%. ಎಷ್ಟಿದೆ ಎಂದು ತಿಳಿಯಲು ಕರ್ವ್‌ನ ಉದ್ದ ಬಾಲದ ಎತ್ತರವನ್ನಷ್ಟೇ ಪವರ್ ಎದುರು ಗುರುತಿಸಿ ಸ್ಯಾಚುರೇಶನ್ ಕರ್ವ್ ಹೊಂದಿಸುತ್ತೇನೆ.

ಒಂಟಿ ಡಾಟ್ ಆದರೂ ಕೋರಿಲೇಶನ್‌ನ ನಡು ಶಿಖರ (ಒಂದೇ ಪಲ್ಸ್‌ನಿಂದ ಎರಡು ಫೋಟಾನ್ ಸಿಕ್ಕವು) ಸೊನ್ನೆಗೆ ಬೀಳದಿರಬಹುದು. ಬೈಎಕ್ಸೈಟಾನ್ ಒಂದು ಫೋಟಾನ್ ಬಿಟ್ಟು, ಉಳಿದ ಎಕ್ಸೈಟಾನ್ ಇನ್ನೊಂದು ಬಿಡುತ್ತದಲ್ಲ. ಕಡಿಮೆ ಪವರ್‌ನಲ್ಲಿ ನಡು ಶಿಖರಕ್ಕೂ ಬದಿಯ ಶಿಖರಕ್ಕೂ ಇರುವ ಅನುಪಾತ ಬೈಎಕ್ಸೈಟಾನ್, ಎಕ್ಸೈಟಾನ್‌ಗಳ ಕ್ವಾಂಟಮ್ ಇಳುವರಿಯ (ಬೆಳಕಾಗಿ ಹೊರಬರುವ ಪಾಲು) ಅನುಪಾತವೇ. ಆದರೆ ಅಂಟಿಕೊಂಡ ಎರಡು ಡಾಟ್‌ಗಳೂ ಇದೇ ವೇಷ ಹಾಕುತ್ತವೆ. ಬಯಲು ಮಾಡಲು ಪಲ್ಸ್ ಆದ ಮೊದಲ 4 ನ್ಯಾನೋಸೆಕೆಂಡಿನ ಫೋಟಾನ್‌ಗಳನ್ನು ಫೈಲ್‌ನಿಂದ ಕಿತ್ತು ಕೋರಿಲೇಶನ್ ಮತ್ತೆ ಲೆಕ್ಕ ಹಾಕುತ್ತೇನೆ. ಬೈಎಕ್ಸೈಟಾನ್ ಆಗಿದ್ದರೆ ಅದರ ಫೋಟಾನ್ ಕಿತ್ತ ಭಾಗದಲ್ಲೇ ಹೋಗಿರುತ್ತದೆ, ನಡು ಶಿಖರ ಕುಸಿಯುತ್ತದೆ. ಸಮನಾಗಿ ಬೆಳಗುವ ಎರಡು ಡಾಟ್ ಆಗಿದ್ದರೆ 0.5ರಲ್ಲೇ ನಿಲ್ಲುತ್ತದೆ. ಇದಕ್ಕೆ ಪ್ರತಿ ಫೋಟಾನ್‌ನ ಸಮಯ ಬೇಕು. ಹಿಸ್ಟೋಗ್ರಾಮ್ ಮಾತ್ರ ಉಳಿಸಿದವರಿಗೆ ಈ ದಾರಿಯಿಲ್ಲ.

ಅದೇ ಫೈಲ್‌ನಲ್ಲಿ 10 ಮಿಲಿಸೆಕೆಂಡಿಗೊಂದು ತುಂಡು ಮಾಡಿ, ಪ್ರಖರವಾದ ತುಂಡುಗಳನ್ನಷ್ಟೇ ಇಟ್ಟುಕೊಳ್ಳುತ್ತೇನೆ. ವಿದ್ಯುದಂಶ ಹೊತ್ತ ಮಬ್ಬು ಸ್ಥಿತಿಯ ಆಯಸ್ಸು ಕೆಲವೇ ನ್ಯಾನೋಸೆಕೆಂಡು. ಬೆರೆತರೆ ಅದೂ ಬೇರೆ ಏನೋ ಎಂಬಂತೆ ಕಾಣುತ್ತದೆ.

ಒಳ್ಳೆಯ ಅವಲಾಂಚ್ ಡಿಟೆಕ್ಟರ್‌ನ ಜಿಟರ್ (ಸಮಯ ಗುರುತಿಸುವಾಗಿನ ಅಲುಗಾಟ) ಕೂಡ 50 ಪಿಕೋಸೆಕೆಂಡಿನಷ್ಟು. ಅದಕ್ಕಿಂತ ತೀರ ವೇಗದ್ದು ಬೇಕಾದರೆ ಎರಡು ಪಲ್ಸ್ ಕಳಿಸಿ, ನಡುವಿನ ಅಂತರ ಬದಲಿಸುತ್ತ ಒಟ್ಟು ಕೌಂಟ್ ನೋಡಬೇಕು. ಒಂದು ಪಲ್ಸ್‌ನ ದಾರಿ ಉದ್ದ ಮಾಡುವ ಕನ್ನಡಿಯ ಸ್ಟೇಜ್ 1 ಮಿ.ಮೀ. ಸರಿದರೆ 6.67 ಪಿಕೋಸೆಕೆಂಡು. ಪವರ್ ಸ್ಯಾಚುರೇಶನ್ ಹತ್ತಿರ ಇರಲಿ, ಇಲ್ಲವಾದರೆ ಎರಡು ಪಲ್ಸ್‌ನ ಬೆಳಕು ಬರೀ ಕೂಡಿಕೊಳ್ಳುತ್ತದೆ, ಅಂತರ ಏನೇ ಇದ್ದರೂ ಒಂದೇ ಉತ್ತರ. ಪಲ್ಸ್‌ಗಳ ಧ್ರುವೀಕರಣ ಪರಸ್ಪರ ಲಂಬವಾಗಿರಲಿ, ಇಲ್ಲದಿದ್ದರೆ ಸೊನ್ನೆಯಲ್ಲಿ ಬರುವುದು ವ್ಯತಿಕರಣ. 30 ಫೆಮ್ಟೋಸೆಕೆಂಡ್ ಪಲ್ಸ್‌ಗೆ ಆಸೆಪಡುವುದು ಬೇಡ: 2000 ಚದರ ಫೆಮ್ಟೋಸೆಕೆಂಡಿನ ಡಿಸ್ಪರ್ಷನ್ (ಗಾಜಿನಲ್ಲಿ ಬಣ್ಣಗಳ ವೇಗ ಬೇರೆಯಾಗಿ ಪಲ್ಸ್ ಹರಡುವುದು) ಇರುವ ಆಬ್ಜೆಕ್ಟಿವ್ ದಾಟುವಷ್ಟರಲ್ಲಿ ಅದು ಸುಮಾರು 190 ಆಗುತ್ತದೆ. 100ರ ಪಲ್ಸ್ ಅದೇ ಗಾಜಿನಲ್ಲಿ 114ಕ್ಕೆ ನಿಲ್ಲುತ್ತದೆ, ಹರಡಿದ್ದನ್ನು ಸರಿಪಡಿಸುವ ಪ್ರಿಸಂ ಜೋಡಿಯ ತಲೆನೋವೂ ಇಲ್ಲ. ಅಂತರಗಳನ್ನು ಸಾಲಾಗಿ ಅಳೆದರೆ ಡಾಟ್‌ನ ಮಿಟುಕು ಕರ್ವ್ ಮೇಲೆ ಕೂತುಬಿಡುತ್ತದೆ. ಅವುಗಳ ಸರದಿ ಕಲಸಿ, ಒಂದೊಂದಕ್ಕೆ ಸ್ವಲ್ಪವೇ ಸಮಯ ಕೊಟ್ಟು, ಹತ್ತಾರು ಸುತ್ತು ಹಾಕಿಸುತ್ತೇನೆ.