ಮೂತ್ರ ಮತ್ತು ಮೈಯ ದ್ರವಗಳಲ್ಲಿ ಪರಾವಲಂಬಿ ಹುಡುಕುವುದು ಹೇಗೆ

ಸ್ಲೈಡ್‌ನಲ್ಲಿ ಏನೂ ಕಾಣಲಿಲ್ಲ ಅಂತ ಕೂಡಲೇ ನೆಗೆಟಿವ್ ಬರೆದುಬಿಡಬೇಡಿ. ಸ್ಯಾಂಪಲ್ ತೆಗೆದದ್ದು ಯಾವಾಗ, ಎಷ್ಟು ಹೊತ್ತು ಮೇಜಿನ ಮೇಲೆ ಕೂತಿತ್ತು, ಫ್ರಿಜ್‌ಗೆ ಹೋಗಿತ್ತಾ ಅಂತ ಮೊದಲು ಕೇಳಿ. ಡಾಕ್ಟರ್ ಹುಡುಕುತ್ತಿರುವುದು ಯಾವ ಜೀವಿಯನ್ನು ಅಂತಲೂ ಕೇಳಿ, ಯಾಕಂದ್ರೆ ಒಂದಕ್ಕೆ ಸರಿಯಾದ ಕ್ರಮ ಇನ್ನೊಂದನ್ನು ಕೊಂದೇಬಿಡುತ್ತದೆ.

ಷಿಸ್ಟೋಸೋಮಾ ಹೆಮಟೋಬಿಯಂ (ಮೂತ್ರದಲ್ಲಿ ಮೊಟ್ಟೆ ಬಿಡುವ ಹುಳು) ಅನುಮಾನ ಇದ್ದರೆ ಬೆಳಗಿನ ಮೊದಲ ಮೂತ್ರ ಬೇಡ. ಬೆಳಿಗ್ಗೆ 10ರಿಂದ ಮಧ್ಯಾಹ್ನ 2ರ ನಡುವೆ ಮೊಟ್ಟೆಗಳು ಜಾಸ್ತಿ ಬರುತ್ತವೆ, ಆಗಿನದ್ದೇ ಬೇಕು. ಮುಂಚೆ ಸ್ವಲ್ಪ ಮೆಟ್ಟಿಲು ಹತ್ತಿ ಇಳಿದು ಬರಲಿ, ಕೊನೆಯ ಹನಿಗಳನ್ನೂ ಬಿಡದೆ ಹಿಡಿಯಲಿ. ಡಬ್ಬಿಯನ್ನು ಚೆನ್ನಾಗಿ ಅಲುಗಾಡಿಸಿ (ಮೊಟ್ಟೆ ತಳಕ್ಕೆ ಕೂತಿರುತ್ತದೆ, ಸುಮ್ನೆ ಮೇಲಿನದನ್ನು ಎಳೆದುಕೊಂಡರೆ ಏನೂ ಸಿಗಲ್ಲ), ಸಿರಿಂಜ್‌ನಲ್ಲಿ 10 ಮಿ.ಲೀ. ತೆಗೆದು 12 ಮೈಕ್ರಾನ್ (ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ) ಫಿಲ್ಟರ್ ಮೂಲಕ ಹಾಯಿಸಿ. ಫಿಲ್ಟರನ್ನು ಸ್ಲೈಡ್ ಮೇಲಿಟ್ಟು ಒಂದು ಹನಿ ಅಯೋಡಿನ್ ಹಾಕಿ, 10ರ ಲೆನ್ಸ್‌ನಲ್ಲಿ ಪೂರ್ತಿ ನೋಡಿ. ಫಿಲ್ಟರ್ ಇಲ್ಲದಿದ್ದರೆ ಸೆಂಟ್ರಿಫ್ಯೂಜ್ ಮಾಡಿ (ಯಂತ್ರದಲ್ಲಿ ಜೋರಾಗಿ ತಿರುಗಿಸಿ) ತಳದ ಗಸಿ ನೋಡಿ. ಮೊಟ್ಟೆ 110ರಿಂದ 170 ಮೈಕ್ರಾನ್ ಉದ್ದ, ಒಂದು ತುದಿಯಲ್ಲಿ ಮುಳ್ಳು. ನೀರು ಬೆರೆಸಲೇಬೇಡಿ, ಮೊಟ್ಟೆ ಒಡೆದು ಮರಿ ಹೊರಬರುತ್ತದೆ. ತಡವಾಗುತ್ತದೆ ಅನ್ನಿಸಿದರೆ 100 ಮಿ.ಲೀ. ಮೂತ್ರಕ್ಕೆ 1 ಮಿ.ಲೀ. ಫಾರ್ಮಾಲಿನ್ (ಸ್ಯಾಂಪಲ್ ಕೆಡದಂತೆ ಇಡುವ ರಾಸಾಯನಿಕ) ಸೇರಿಸಿ. ಮೊಟ್ಟೆ ಬೀಳುವುದು ದಿನದಿಂದ ದಿನಕ್ಕೆ ಏರುಪೇರಾಗುತ್ತದೆ, ಹಾಗಾಗಿ ಒಂದು ಸಲ ಸಿಗದಿದ್ದರೆ ಬೇರೆ ದಿನ ಮತ್ತೆ ಕೇಳಿ.

ಟ್ರೈಕೋಮೋನಾಸ್‌ಗೆ (ಬಾಲದಂಥ ಎಳೆಗಳಿಂದ ಓಡಾಡುವ ಏಕಕೋಶ ಜೀವಿ) ಪೂರ್ತಿ ಉಲ್ಟಾ. ಫಾರ್ಮಾಲಿನ್ ಬೇಡ, ಫ್ರಿಜ್ ಬೇಡ, ಹತ್ತು ಹದಿನೈದು ನಿಮಿಷದೊಳಗೆ ನೋಡಬೇಕು. ಗುರುತು ಸಿಗುವುದೇ ಅದರ ತಡಬಡಿಸುವ ಓಟದಿಂದ. ಸತ್ತರೆ ಬಿಳಿ ರಕ್ತಕಣದಂತೆ ಕಾಣುತ್ತದೆ, ಅಲ್ಲಿಗೆ ಕೆಲಸ ಕೆಟ್ಟಿತು. ಸೌಲಭ್ಯ ಇದ್ದರೆ ಪಿಸಿಆರ್ ಬಗೆಯ (ಜೀವಿಯ ಡಿಎನ್ಎ ಹುಡುಕುವ) ಪರೀಕ್ಷೆ ಇದಕ್ಕಿಂತ ಎಷ್ಟೋ ವಾಸಿ.

ಮೂತ್ರ ಹಾಲಿನಂತೆ ಬಿಳಿಯಾಗಿದ್ದರೆ ಈಥರ್ ಹಾಕಿ ಅಲುಗಾಡಿಸಿ. ಕೊಬ್ಬು ಮೇಲಕ್ಕೆ ಹೋಗುತ್ತದೆ, ಕೆಳಗಿನ ಪದರವನ್ನು ಸೆಂಟ್ರಿಫ್ಯೂಜ್ ಮಾಡಿ ಮೈಕ್ರೋಫೈಲೇರಿಯಾ (ಆನೆಕಾಲು ರೋಗದ ಹುಳುವಿನ ಮರಿ) ಹುಡುಕಿ. ಈಥರ್ ಬಳಸುವಾಗ ಹತ್ತಿರ ಬೆಂಕಿ ಇರಬಾರದು.

ಬೆನ್ನುಹುರಿ ದ್ರವದ ವಿಷಯದಲ್ಲಿ ಮಾತ್ರ ಯಾವ ಸಡಿಲಿಕೆಯೂ ಬೇಡ. ಕೀವು ಕಣ ತುಂಬಿದೆ, ಗ್ರಾಂ ಬಣ್ಣದಲ್ಲಿ (ಬ್ಯಾಕ್ಟೀರಿಯಾ ಗುರುತಿಸಲು ಹಾಕುವ ಬಣ್ಣ) ಬ್ಯಾಕ್ಟೀರಿಯಾ ಇಲ್ಲ, ರೋಗಿ ಕೆಲವೇ ದಿನಗಳ ಹಿಂದೆ ಕೆರೆಯಲ್ಲೋ ಕೊಳದಲ್ಲೋ ಈಜಿದ್ದಾರೆ ಅಂದರೆ ನೇಗ್ಲೇರಿಯಾ (ಮಿದುಳಿಗೆ ಹೋಗುವ ಅಮೀಬಾ) ನೆನಪಿಗೆ ಬರಲೇಬೇಕು. ಈ ದ್ರವ ಕೋಣೆಯ ಬಿಸಿಯಲ್ಲೇ ಇರಲಿ, ತಂಪು ಮಾಡಿದರೆ ಅಮೀಬಾ ಸ್ತಬ್ಧವಾಗುತ್ತದೆ. ಸ್ಲೈಡನ್ನು ಸ್ವಲ್ಪ ಬೆಚ್ಚಗೆ ಮಾಡಿ, ಬಣ್ಣ ಹಾಕದೆ, ತೆವಳುವ ಕಣ ಇದೆಯಾ ಅಂತ ತಾಳ್ಮೆಯಿಂದ ನೋಡಿ. ಎಣಿಕೆ ಮಾಡುವವರು ಇದನ್ನು ಬಿಳಿ ರಕ್ತಕಣ ಅಂತಲೇ ಸೇರಿಸಿಬಿಡುವುದುಂಟು. ಕಂಡರೆ ರಿಪೋರ್ಟ್ ಟೈಪ್ ಆಗುವವರೆಗೆ ಕಾಯಬೇಡಿ, ಡಾಕ್ಟರ್‌ಗೆ ಆಗಲೇ ಫೋನ್ ಮಾಡಿ.

ಲಿವರ್ ಬಾವಿನಿಂದ ತೆಗೆದ ಕೀವಾದರೆ ಕೊನೆಗೆ ಬಂದ ಭಾಗವನ್ನು ಬೇರೆ ಟ್ಯೂಬ್‌ನಲ್ಲಿ ಕೇಳಿ ಪಡೆಯಿರಿ. ಇಲ್ಲಿ ಹುಡುಕುವ ಅಮೀಬಾ (ನೇಗ್ಲೇರಿಯಾ ಅಲ್ಲ, ಎಂಟಮೀಬಾ) ಇರುವುದು ಬಾವಿನ ಗೋಡೆಯ ಹತ್ತಿರ, ನಡುವಿನ ಕೀವಿನಲ್ಲಿ ಸಿಗುವುದು ತೀರಾ ಅಪರೂಪ.