ಅಕ್ಕಿ ಡಬ್ಬ, ಹಾಲ್ ಟಿಕೆಟ್

ಮನೆ ಬಿಟ್ಟು ಓಡಿಹೋಗುವ ಮಕ್ಕಳ ಬಗ್ಗೆ ನಮ್ಮ ಹೈಸ್ಕೂಲಿನಲ್ಲಿ ನಾಟಕ ಮಾಡಿಸಲು ಹೊರಟಾಗ ಮೊದಲು ನಾನೇ ಕೂತು ಸ್ಕ್ರಿಪ್ಟ್ ಬರೆದೆ. ಕುಡುಕ ಅಪ್ಪ, ಅಳುವ ಅಮ್ಮ, ಬೆಂಗಳೂರಿನಲ್ಲಿ ಕಳ್ಳರು, ಕೊನೆಗೆ ಪಶ್ಚಾತ್ತಾಪ. ಎರಡು ದಿನ ಓದಿಸಿದೆ. ಮಕ್ಕಳು ಪದ್ಯ ಕಂಠಪಾಠ ಒಪ್ಪಿಸಿದ ಹಾಗೆ ಒಪ್ಪಿಸಿದರು.

ಮೂರನೇ ದಿನ ಖಾಲಿ ಸ್ಕೂಲ್ ಬ್ಯಾಗೊಂದನ್ನು ನಡುವೆ ಇಟ್ಟೆ. "ಮನೆ ಬಿಟ್ಟು ಹೋಗ್ತಿದ್ದೀರಿ. ಐದೇ ನಿಮಿಷ. ಏನು ತುಂಬಿಕೊಳ್ತೀರಿ? ಮಾತು ಬೇಡ, ಮಾಡಿ ತೋರಿಸಿ." ಒಬ್ಬ ಚಾರ್ಜರ್ ಹಾಕಿದ. ಫೋನ್ ಇಲ್ಲ, ಅದನ್ನು ಅಪ್ಪ ಕಿತ್ತಿಟ್ಟುಕೊಂಡಿದ್ದಾರಂತೆ. ಒಬ್ಬಳು ಅಕ್ಕಿ ಡಬ್ಬಕ್ಕೆ ಕೈ ಹಾಕಿ ನೋಟು ತೆಗೆದಳು, ಎಣಿಸಿದಳು, ಅರ್ಧ ವಾಪಸ್ ಇಟ್ಟಳು. ಇನ್ನೊಬ್ಬಳು ಎಸ್ಸೆಸ್ಸೆಲ್ಸಿ ಹಾಲ್ ಟಿಕೆಟ್ ಮಡಚಿ ಇಟ್ಟುಕೊಂಡಳು. ಓಡಿಹೋಗುವವಳಿಗೆ ಅದ್ಯಾಕೆ ಅಂತ ಯಾರೋ ನಕ್ಕರು. "ಇರ್ಲಿ ಬಿಡೋ" ಅಂದಳು, ಅಷ್ಟೇ. ನನ್ನ ಸ್ಕ್ರಿಪ್ಟ್ ಅವತ್ತೇ ಬೀರು ಸೇರಿತು.

ಒಂದು ನಿಯಮ ಮಾತ್ರ ಮಾಡಿಕೊಂಡೆವು. ತನ್ನ ಮನೆಯ ಕಥೆಯನ್ನು ತಾನೇ ಆಡುವಂತಿಲ್ಲ. ಹೆಸರು ಹಾಕದ ಚೀಟಿಯಲ್ಲಿ ಬರೆದು ಹಾಕಬೇಕು, ಬೇರೆಯವರು ಎತ್ತಿಕೊಂಡು ಆಡಬೇಕು. ಯಾರದ್ದು ಅಂತ ನಾನೂ ಕೇಳಲಿಲ್ಲ. ಕೇಳಬೇಕು ಅನ್ನಿಸಿದ ಚೀಟಿ ಒಂದೆರಡು ಇದ್ದವು, ಸುಳ್ಳು ಹೇಳುವುದಿಲ್ಲ. ಅದಕ್ಕೇ ದಿನಾ ರಿಹರ್ಸಲ್ ಮುಗಿದ ಮೇಲೆ ಅರ್ಧ ಗಂಟೆ ಅಲ್ಲೇ ಕೂತಿರುತ್ತಿದ್ದೆ, ಮಾತಾಡಬೇಕು ಅನ್ನಿಸಿದವರು ಬರಲಿ ಅಂತ.

ನಾನು ಬರೆದಿದ್ದ ಪೊಲೀಸ್ ಲಾಠಿ ಬೀಸಿ ಹುಡುಗಿಯನ್ನು ಸೀದಾ ಮನೆಗೆ ತಂದುಬಿಡುತ್ತಿದ್ದ. ಸಿನಿಮಾ ನೋಡಿ ನೋಡಿ ಬಂದ ಬುದ್ಧಿ. ವಿಚಾರಿಸಿದರೆ, 2015ರ ಬಾಲನ್ಯಾಯ ಕಾಯ್ದೆ ಪ್ರಕಾರ ಹೀಗೆ ಸಿಕ್ಕ ಮಗುವನ್ನು, ಪ್ರಯಾಣದ ಹೊತ್ತು ಬಿಟ್ಟು, 24 ಗಂಟೆಯೊಳಗೆ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಕರೆದೊಯ್ಯಬೇಕು. ಮುಂದಿನದನ್ನು ತೀರ್ಮಾನಿಸುವುದು ಸಮಿತಿ. ಸರಿ, ಸಮಿತಿಯ ಬಾಗಿಲ ಹೊರಗೆ ಒಂದು ಬೆಂಚು ಹಾಕಿದೆವು. ಈ ತುದಿಗೆ ಮಗಳು, ಆ ತುದಿಗೆ ಅಪ್ಪ, ನಡುವೆ ಬ್ಯಾಗ್. ಅಪ್ಪ ಕೇಳುವುದು ಒಂದೇ ಮಾತು: "ಊಟ ಮಾಡಿದ್ಯಾ?" ಒಳಗಿಂದ ಹೆಸರು ಕೂಗುತ್ತಾರೆ, ಲೈಟ್ ಆಫ್.

ಸೆಟ್ ಅಂತ ಏನೂ ಇರಲಿಲ್ಲ. ರೈಲಿನ ಸದ್ದಿಗೆ ತಗಡಿನ ಡಬ್ಬ. ಪ್ಲಾಟ್‌ಫಾರ್ಮ್ ಗೋಡೆಯ ಮೇಲೆ 1098, ಮಕ್ಕಳ ಸಹಾಯವಾಣಿ. ಅದನ್ನು ಯಾರ ಬಾಯಲ್ಲೂ ಹೇಳಿಸಲಿಲ್ಲ. ಹೇಳಿಸಿದ್ದರೆ ಭಾಷಣ ಆಗುತ್ತಿತ್ತು, ಅಲ್ವಾ?

ಪ್ರದರ್ಶನದ ದಿನ ಬ್ಯಾಗಿನ ಜಿಪ್ ಸಿಕ್ಕಿಹಾಕಿಕೊಂಡಿತು. ಹುಡುಗಿ ಗಾಬರಿಯಾಗಲಿಲ್ಲ, ಅದರ ಜೊತೆ ಗುದ್ದಾಡುತ್ತಲೇ ಇದ್ದಳು. ಸಭೆ ಉಸಿರು ಬಿಗಿಹಿಡಿದು ನೋಡಿತು. ಬೇಕೆಂದು ಮಾಡಿಸಿದ್ದರೂ ಅಷ್ಟು ಚೆನ್ನಾಗಿ ಬರುತ್ತಿರಲಿಲ್ಲ.

ಮುಗಿದ ಮೇಲೆ ಒಬ್ಬರು ತಾಯಿ ಹತ್ತಿರ ಬಂದು ನಗುತ್ತಾ ಹೇಳಿದರು: "ಇನ್ಮೇಲೆ ದುಡ್ಡು ಬೇರೆ ಕಡೆ ಇಡಬೇಕು ಮೇಷ್ಟ್ರೇ."