ದುಡ್ಡಿನ ಕೆಲಸಕ್ಕೆ ಫ್ರೀ ಸಾಫ್ಟ್‌ವೇರ್ ಬಳಸುವ ಮುಂಚೆ

ದಾವಣಗೆರೆಯಲ್ಲಿ ನಾನು ಲಗ್ನಪತ್ರಿಕೆ, ಅಂಗಡಿ ಬೋರ್ಡು ಡಿಸೈನ್ ಮಾಡುತ್ತೇನೆ. ಹೊಸಬರು ಮೊದಲು ಕೇಳುವುದು ಇದನ್ನೇ: ಚಿತ್ರ ಬಿಡಿಸುವ ಸಾಫ್ಟ್‌ವೇರ್ ಇಂಕ್‌ಸ್ಕೇಪ್ ಫ್ರೀ ಅಲ್ವಾ, ಅದರಲ್ಲಿ ಮಾಡಿದ ಲೋಗೋಗೆ ದುಡ್ಡು ತಗೋಬಹುದಾ? ಧಾರಾಳವಾಗಿ ತಗೊಳ್ಳಿ. ಇಂಕ್‌ಸ್ಕೇಪ್, ಫೋಟೋ ತಿದ್ದುವ ಗಿಂಪ್ ಎರಡೂ ಜಿಪಿಎಲ್ ಎಂಬ ಮುಕ್ತ ಸಾಫ್ಟ್‌ವೇರ್ ಲೈಸೆನ್ಸಿನವು. ಆ ಲೈಸೆನ್ಸಿನ ಷರತ್ತು ಸಾಫ್ಟ್‌ವೇರಿಗೆ, ನೀವು ಬಿಡಿಸಿದ ಚಿತ್ರಕ್ಕಲ್ಲ.

ಎಡವುವುದು ಫಾಂಟಿನಲ್ಲಿ. ಒಂದು ಬೇಕರಿಯ 500 ಕವರ್ ಪ್ರಿಂಟಾದ ಮೇಲೆ ನಾನು ಫಾಂಟಿನ ಜಿಪ್ ಒಳಗಿದ್ದ ರೀಡ್‌ಮಿ ತೆರೆದೆ. ‘ಪರ್ಸನಲ್ ಯೂಸ್ ಓನ್ಲಿ’ ಅಂತಿತ್ತು. ಎದೆ ಧಸಕ್ಕೆಂದಿತು. ಅದೇ ರಾತ್ರಿ ಫಾಂಟ್ ಮಾಡಿದವರಿಗೆ ಮೇಲ್ ಹಾಕಿ, ಹಣ ಕಟ್ಟಿ ಕಮರ್ಷಿಯಲ್ ಲೈಸೆನ್ಸ್ ತಗೊಂಡೆ.

ಈಗ ಜಿಪ್ ಬಿಚ್ಚಿದ ತಕ್ಷಣ ಓಎಫ್‌ಎಲ್ ಎಂಬ ಟೆಕ್ಸ್ಟ್ ಫೈಲ್ ಹುಡುಕುತ್ತೇನೆ. ಅಂದರೆ ಓಪನ್ ಫಾಂಟ್ ಲೈಸೆನ್ಸ್. ಅದಿದ್ದರೆ ಬೋರ್ಡು, ಕವರ್, ಲೋಗೋ ಎಲ್ಲಕ್ಕೂ ಬಳಸಬಹುದು. ಫಾಂಟನ್ನೇ ಬಿಡಿಯಾಗಿ ಮಾರುವಂತಿಲ್ಲ. ನೋಟೋ ಸಾನ್ಸ್ ಕನ್ನಡ, ಬಲೂ ತಮ್ಮ ಎಂಬ ಕನ್ನಡ ಫಾಂಟು ಎರಡಕ್ಕೂ ಇದೇ ಲೈಸೆನ್ಸ್. ದಪ್ಪಕ್ಷರದ ಬೋರ್ಡಿಗೆ ನನಗೆ ಬಲೂ ತಮ್ಮನೇ ಇಷ್ಟ.

ಸಾಫ್ಟ್‌ವೇರಿಗೆ ಸ್ಟೂಡೆಂಟ್ ಲೈಸೆನ್ಸ್ ಇದ್ದರೆ ಷರತ್ತು ಪೂರ್ತಿ ಓದಿ. ಎಷ್ಟೋ ಕಡೆ ಗಿರಾಕಿ ಕೆಲಸಕ್ಕೆ ಅದು ನಡೆಯುವುದಿಲ್ಲ.

ಪ್ರೆಸ್ಸಿನವರು ಕೋರೆಲ್‌ಡ್ರಾ ಎಂಬ ದುಡ್ಡಿನ ಡಿಸೈನ್ ಸಾಫ್ಟ್‌ವೇರಿನ ಫೈಲ್ ಕೇಳಿದರೆ, ಪಿಡಿಎಫ್ ಸಾಕಾ ಅಂತ ವಿಚಾರಿಸಿ. ಸಾಕಾದರೆ ಪುಟ ಜೋಡಿಸುವ ಫ್ರೀ ಸಾಫ್ಟ್‌ವೇರ್ ಸ್ಕ್ರೈಬಸ್‌ನಲ್ಲೇ ಸಿಎಂವೈಕೆ (ಪ್ರಿಂಟಿಂಗಿನ ನಾಲ್ಕು ಬಣ್ಣದ) ಪಿಡಿಎಫ್ ತೆಗೆಯಬಹುದು. ಆಗಲ್ಲ ಅಂದರೆ ಕೋರೆಲ್ ಕೊಳ್ಳಿ, ಕ್ರ್ಯಾಕ್ ಕಾಪಿ ಬೇಡವೇ ಬೇಡ. ಆ ಖರ್ಚನ್ನು ಕೊಟೇಶನ್ನಿನಲ್ಲೇ ಸೇರಿಸಿ.